ಅಪರಾಧ ಸಾಬೀತಾಗಿಲ್ಲ, ಆದರೂ ಊರು ಬಿಡಬೇಕು: ಗಡಿಪಾರಿನ ಕಡತದೊಳಗೆ ಏನಿರುತ್ತದೆ?

2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಗುಂಪು ಹಲ್ಲೆಗೆ ಒಬ್ಬರು ಬಲಿಯಾದರು. ಮೇ 1ರಂದು ಬಜಪೆಯಲ್ಲಿ ಒಂದು ಕೊಲೆಯಾಯಿತು, ಮೇ 27ರಂದು ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನಲ್ಲಿ ಇನ್ನೊಂದು. ಜೂನ್ ಮೊದಲ ವಾರದಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಪೊಲೀಸರು 36 ಮಂದಿಯ ಗಡಿಪಾರಿಗೆ ಪ್ರಕ್ರಿಯೆ ಶುರುಮಾಡಿದರು. ಅದೇ ತಿಂಗಳು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಯೂ ಬಂತು.

ಆಗಿನಿಂದ ಓದುಗರ ಪ್ರಶ್ನೆಗಳು ನಿಂತಿಲ್ಲ. ಕೋರ್ಟು ಶಿಕ್ಷೆ ಕೊಡದೆ ಒಬ್ಬನನ್ನು ಊರಿನಿಂದ ಹೊರಹಾಕಲು ಬರುತ್ತದೆಯೆ? ರೌಡಿ ಶೀಟ್ ಇದ್ದವರನ್ನೆಲ್ಲ ಗಡಿಪಾರು ಮಾಡುತ್ತಾರೆಯೆ? ಗೂಂಡಾ ಕಾಯ್ದೆ ಅಂದರೂ ಇದೇನಾ? ಒಂದು ಕಡೆಯವರು ‘ಇನ್ನೂ ಬಿಗಿ ಮಾಡಿ’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ಇದು ತುರ್ತುಪರಿಸ್ಥಿತಿ’ ಅನ್ನುತ್ತಾರೆ. ಪಟ್ಟಿಯಲ್ಲಿ ತಮ್ಮವರ ಹೆಸರು ಬಂದಾಗ ಇಬ್ಬರ ಮಾತೂ ಅದಲುಬದಲಾಗುತ್ತದೆ, ಆ ಮಾತು ಬೇರೆ.

ಈ ಗದ್ದಲದಲ್ಲಿ ಮರೆಯಾಗುವುದು ಒಂದು ಸಂಗತಿ. ಗಡಿಪಾರಿನಂಥ ಮುಂಜಾಗ್ರತಾ ಕ್ರಮಗಳಲ್ಲಿ ಆರೋಪ ನಿಜವೋ ಸುಳ್ಳೋ ಎಂದು ಕೋರ್ಟು ಅಳೆಯುವುದಿಲ್ಲ. ಅದು ನೋಡುವುದು ಕಡತವನ್ನು. ಹಾಗಾಗಿ ಕಡತ ಕೆಟ್ಟರೆ ಎರಡೂ ಕೆಡುತ್ತವೆ: ಕೈಬಿಡಬೇಕಾದವನು ಸಿಕ್ಕಿಬೀಳುತ್ತಾನೆ, ಹಿಡಿದಿಡಬೇಕಾದವನು ಹೈಕೋರ್ಟಿನಲ್ಲಿ ಗೆದ್ದು ಮೆರವಣಿಗೆಯಲ್ಲಿ ಬರುತ್ತಾನೆ.

ಹೆಸರು ನಾಲ್ಕು, ದಾರಿಯೂ ನಾಲ್ಕು

ಮೊದಲನೆಯದು ಮುಚ್ಚಳಿಕೆ, ಅಂದರೆ ತಂಟೆಗೆ ಹೋಗದೆ ಇರುತ್ತೇನೆಂದು ಬರೆದುಕೊಡುವ ಕರಾರು. ಗಣೇಶೋತ್ಸವಕ್ಕೆ, ಚುನಾವಣೆಗೆ ಮುನ್ನ ಠಾಣೆಯವರು ‘ಬಾಂಡ್ ಬರೆಸಿಕೊಂಡರು’ ಅನ್ನುತ್ತಾರಲ್ಲ, ಅದೇ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 107 ಮತ್ತು 110ನೇ ಕಲಂಗಳು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126 ಮತ್ತು 129 ಆಗಿವೆ. ಶಾಂತಿ ಕದಡಬಹುದು ಅನ್ನಿಸಿದವರಿಂದ 126ರಡಿ ಒಂದು ವರ್ಷದವರೆಗೆ, ಚಾಳಿಬಿದ್ದ ಅಪರಾಧಿಗಳಿಂದ 129ರಡಿ ಮೂರು ವರ್ಷದವರೆಗೆ ಮುಚ್ಚಳಿಕೆ ಪಡೆಯಬಹುದು. ಬರೆಸಿಕೊಳ್ಳುವವರು ಕಾರ್ಯನಿರ್ವಾಹಕ ದಂಡಾಧಿಕಾರಿ. ಮುಚ್ಚಳಿಕೆ ಮುರಿದದ್ದು ಖಚಿತವಾದರೆ ಉಳಿದ ಅವಧಿಗೆ ಜೈಲು.

ಎರಡನೆಯದು ರೌಡಿ ಶೀಟ್. ಇದು ಠಾಣೆಯ ಒಳಗಿನ ದಾಖಲೆ, ಇದಕ್ಕೆ ಆಧಾರ ಪೊಲೀಸ್ ಕೈಪಿಡಿ. ಶಾಸನಸಭೆ ಪಾಸು ಮಾಡಿದ ಕಾಯ್ದೆ ಇದರ ಹಿಂದೆ ಇಲ್ಲ. ರೌಡಿ ಶೀಟ್ ತೆರೆದ ಮಾತ್ರಕ್ಕೆ ಯಾರನ್ನೂ ಊರು ಬಿಡಿಸಲು ಬರುವುದಿಲ್ಲ.

ಮೂರನೆಯದು ಗಡಿಪಾರು. ಇದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 54, 55, 56ನೇ ಕಲಂಗಳಿಂದ ಬಂದ ಅಧಿಕಾರ. ಕಮಿಷನರೇಟ್ ಇರುವ ನಗರಗಳಲ್ಲಿ ಅದು ಪೊಲೀಸರ ಕೈಯಲ್ಲೇ ಇದೆ, ಉಳಿದ ಕಡೆ ಜಿಲ್ಲಾ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಉಪವಿಭಾಗಾಧಿಕಾರಿಯ ಕೈಯಲ್ಲಿ. ಮನುಷ್ಯ ಜೈಲಿಗೆ ಹೋಗುವುದಿಲ್ಲ, ಆದರೆ ಹೇಳಿದ ಪ್ರದೇಶದೊಳಗೆ ಕಾಲಿಡುವಂತಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಭಾರಿ: 1985ರ ಗೂಂಡಾ ಕಾಯ್ದೆ. ಇದರಡಿ ವಿಚಾರಣೆಯೇ ಇಲ್ಲದೆ ಹನ್ನೆರಡು ತಿಂಗಳವರೆಗೆ ಜೈಲಿನಲ್ಲಿಡಬಹುದು. ಕಳ್ಳಭಟ್ಟಿಯವರು, ಮಾದಕವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು ಎಂದು ಶುರುವಾದ ಈ ಕಾಯ್ದೆಗೆ 2014ರ ತಿದ್ದುಪಡಿಯಲ್ಲಿ ಆ್ಯಸಿಡ್ ದಾಳಿಕೋರರು, ಡಿಜಿಟಲ್ ಅಪರಾಧಿಗಳು, ಪರಿಸರ ಲೂಟಿಕೋರರು, ಹಣ ಅಕ್ರಮ ವರ್ಗಾವಣೆ ಮಾಡುವವರು ಸೇರಿದರು. ಸಿನಿಮಾದ ಕಳ್ಳ ಸಿ.ಡಿ. ಮಾರುವವನೂ ಮಚ್ಚು ಹಿಡಿದು ಹಫ್ತಾ ಎತ್ತುವವನೂ ಒಂದೇ ಕಾಯ್ದೆಯ ಹೆಸರಿನಲ್ಲಿ ಪಕ್ಕಪಕ್ಕ ಕೂತಿದ್ದಾರೆ.

ಗಡಿಪಾರಿನ ಕಡತ ಹುಟ್ಟುವ ಬಗೆ

ಕಡತ ಹುಟ್ಟುವುದು ಠಾಣೆಯಲ್ಲಿ. ಇನ್‌ಸ್ಪೆಕ್ಟರ್ ಒಂದು ಪ್ರಸ್ತಾವ ಬರೆಯುತ್ತಾರೆ. ಅದರ ಜೀವಾಳ ಒಂದು ಕೋಷ್ಟಕ: ಕ್ರಮ ಸಂಖ್ಯೆ, ಠಾಣೆ, ಅಪರಾಧ ಸಂಖ್ಯೆ ಮತ್ತು ವರ್ಷ, ಕಲಂಗಳು, ಕೊನೆಯ ಅಂಕಣದಲ್ಲಿ ‘ಪ್ರಕರಣದ ಹಂತ’. ಅದರೊಂದಿಗೆ ಗುಪ್ತವಾಗಿ ಪಡೆದ ಸಾಕ್ಷಿ ಹೇಳಿಕೆಗಳು, ಹಿಂದೆ ಬರೆಸಿಕೊಂಡ ಮುಚ್ಚಳಿಕೆ ಇದ್ದರೆ ಅದರ ಪ್ರತಿ. ಡಿವೈಎಸ್‌ಪಿ, ಎಸ್‌ಪಿ ಹಂತ ದಾಟಿ ಕಡತ ಉಪವಿಭಾಗಾಧಿಕಾರಿಯ ಮೇಜಿಗೆ ಬರುತ್ತದೆ.

55ನೇ ಕಲಂ ಪ್ರಕಾರ ಅಧಿಕಾರಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ಈ ವ್ಯಕ್ತಿಯ ಓಡಾಟ ಅಥವಾ ಕೃತ್ಯದಿಂದ ಜನರ ಜೀವಕ್ಕೋ ಸ್ವತ್ತಿಗೋ ಭಯ, ಅಪಾಯ ಉಂಟಾಗುತ್ತಿದೆಯೆ? ಇಲ್ಲವೇ, ಇವನು ಬಲಪ್ರಯೋಗದ ಅಪರಾಧದಲ್ಲಿ ತೊಡಗಿದ್ದಾನೆ ಅಥವಾ ತೊಡಗಲಿದ್ದಾನೆ ಎಂದು ನಂಬಲು ಕಾರಣವಿದ್ದು, ತಮ್ಮ ಮೈಗೋ ಆಸ್ತಿಗೋ ಕೇಡಾದೀತೆಂಬ ಹೆದರಿಕೆಯಿಂದ ಸಾಕ್ಷಿಗಳು ಬಹಿರಂಗವಾಗಿ ಹೇಳಲು ಮುಂದೆ ಬರುತ್ತಿಲ್ಲವೆ? ಎರಡನೆಯ ಪ್ರಶ್ನೆಯ ಬಾಲವನ್ನು ಗಮನಿಸಿ. ಗಡಿಪಾರು ಎಂಬ ವ್ಯವಸ್ಥೆಗೆ ಸಮರ್ಥನೆ ಅಲ್ಲೇ ಇದೆ. ಸಾಕ್ಷಿಗಳು ಧೈರ್ಯವಾಗಿ ಬಂದು ಹೇಳುತ್ತಿದ್ದರೆ ಮಾಮೂಲಿ ವಿಚಾರಣೆಯೇ ಸಾಕು.

ಆಮೇಲೆ 58ನೇ ಕಲಂ ಕೆಳಗೆ ನೋಟಿಸ್. ಆರೋಪಗಳ ಸ್ಥೂಲ ಸ್ವರೂಪವನ್ನು ಬರವಣಿಗೆಯಲ್ಲಿ ತಿಳಿಸಬೇಕು, ವಿವರಣೆ ಕೊಡಲು ಅವಕಾಶ ನೀಡಬೇಕು. ವಕೀಲರ ಮೂಲಕ ಹಾಜರಾಗಬಹುದು, ತನ್ನ ಪರ ಸಾಕ್ಷಿಗಳನ್ನು ಕರೆಸಬಹುದು. ಆದರೆ ತನ್ನ ವಿರುದ್ಧ ಹೇಳಿದವರು ಯಾರು ಎಂಬುದು ಗೊತ್ತಾಗುವುದಿಲ್ಲ. ಹೆಸರು ಬಿಟ್ಟುಕೊಟ್ಟರೆ ಸಾಕ್ಷಿಗೆ ಅಪಾಯ, ಬಿಟ್ಟುಕೊಡದಿದ್ದರೆ ಆರೋಪಿಗೆ ಪಾಟಿ ಸವಾಲು ಮಾಡುವ ದಾರಿಯಿಲ್ಲ. 1970ರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ಆರೋಪದ ಸ್ಥೂಲ ಸ್ವರೂಪ ತಿಳಿಸಿದರೆ ಸಾಕು, ಪೂರ್ತಿ ವಿವರ ಕೊಡಬೇಕಿಲ್ಲ ಎಂದು ಹೇಳಿಬಿಟ್ಟಿದೆ.

ಇಷ್ಟು ಸಡಿಲ ಕೊಟ್ಟ ಮೇಲೂ ಆದೇಶಗಳು ಬಿದ್ದುಹೋಗುತ್ತವೆ. ಹೇಗೆ?

ಒಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳಿ. ಒಂಬತ್ತು ಪ್ರಕರಣಗಳಿವೆ, ಮೇಲ್ನೋಟಕ್ಕೆ ಭಯಂಕರ. ಕೊನೆಯ ಅಂಕಣಕ್ಕೆ ಕಣ್ಣು ಹಾಯಿಸಿದರೆ ನಾಲ್ಕರಲ್ಲಿ ಖುಲಾಸೆ, ಎರಡರಲ್ಲಿ ರಾಜಿ, ಒಂದರಲ್ಲಿ ಬಿ ರಿಪೋರ್ಟ್ (ಸಾಕ್ಷ್ಯವಿಲ್ಲವೆಂದು ಪೊಲೀಸರೇ ಕೇಸು ಮುಗಿಸುವ ವರದಿ). ಉಳಿದ ಎರಡರಲ್ಲಿ ಒಂದು ಹತ್ತು ವರ್ಷ ಹಳೆಯದು. ಈಗಿನ ಅಪಾಯವನ್ನು ತೋರಿಸುವುದು ಒಂದೇ ಒಂದು ಪ್ರಕರಣ. ಕೆಲವೊಮ್ಮೆ ಆ ಕೊನೆಯ ಅಂಕಣವೇ ಇರುವುದಿಲ್ಲ. ಖುಲಾಸೆಯಾದದ್ದನ್ನು ಮುಚ್ಚಿಟ್ಟರೆ, ಆದೇಶ ಹೊರಡಿಸಿದವರು ಮುಖ್ಯ ಸಂಗತಿಯನ್ನೇ ಗಮನಿಸಿಲ್ಲ ಎಂದು ಹೈಕೋರ್ಟಿನಲ್ಲಿ ವಾದಿಸುವುದು ವಕೀಲರಿಗೆ ಐದು ನಿಮಿಷದ ಕೆಲಸ.

ಎರಡನೆಯ ತಪ್ಪು ಗುಪ್ತ ಹೇಳಿಕೆಗಳದ್ದು. ‘ಸದರಿ ಆಸಾಮಿಯು ಸಾರ್ವಜನಿಕರಿಗೆ ಭಯ ಹುಟ್ಟಿಸುತ್ತಿದ್ದು, ಯಾರೂ ದೂರು ನೀಡಲು ಮುಂದೆ ಬರುತ್ತಿಲ್ಲ’ ಎಂಬ ಒಂದೇ ವಾಕ್ಯ ಮೂರು ಸಾಕ್ಷಿಗಳ ಬಾಯಲ್ಲಿ ಅಕ್ಷರ ಬಿಡದೆ ಬಂದರೆ ಅದು ಸಾಕ್ಷಿಯ ಮಾತೋ ಕಂಪ್ಯೂಟರಿನ ಮಾತೋ ಎಂಬ ಅನುಮಾನ ಏಳುವುದು ಸಹಜ. ಯಾವ ದಿನ, ಎಲ್ಲಿ, ಏನು ನಡೆಯಿತು ಎಂಬ ವಿವರವಿರಬೇಕು. ಅಧಿಕಾರಿ ಆ ಹೇಳಿಕೆಯನ್ನು ಪರಿಶೀಲಿಸಿದ ಗುರುತೂ ಇರಬೇಕು.

ಮೂರನೆಯದು ಅವಧಿ ಮತ್ತು ವ್ಯಾಪ್ತಿ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಿಂದ 2020ರ ಡಿಸೆಂಬರಿನಲ್ಲಿ ಒಬ್ಬರನ್ನು ಎರಡು ವರ್ಷ ಗಡಿಪಾರು ಮಾಡಲಾಗಿತ್ತು. ಅಲ್ಲಿನ ಕಾಯ್ದೆಯಲ್ಲಿ ಎರಡು ವರ್ಷವೇ ಗರಿಷ್ಠ. 2022ರ ಜನವರಿಯಲ್ಲಿ ದೀಪಕ್ ಡೋಂಗ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಗಡಿಪಾರು ಅಸಾಧಾರಣ ಕ್ರಮ, ಸಂವಿಧಾನದ 19ನೇ ವಿಧಿ ಕೊಟ್ಟ ಓಡಾಟದ ಸ್ವಾತಂತ್ರ್ಯವನ್ನೇ ಅದು ಕಸಿಯುತ್ತದೆ. ಗರಿಷ್ಠ ಅವಧಿ ವಿಧಿಸುವುದಾದರೆ ಅಷ್ಟು ಯಾಕೆ ಬೇಕು ಎಂಬ ಕಾರಣ ಆದೇಶದಲ್ಲೇ ಕಾಣಬೇಕು. ಹಳೆಯ ಪ್ರಕರಣಗಳಿಗೂ ಇಂದಿನ ಆದೇಶಕ್ಕೂ ಜೀವಂತ ನಂಟು ಇರಬೇಕು. ಇದು ತೀರ್ಪಿನ ಸಾರ. ಒಂದು ಪೇಟೆಯ ಹಫ್ತಾ ಹಾವಳಿ ತಡೆಯಲು ಇಡೀ ಜಿಲ್ಲೆಯಿಂದ ಹೊರಹಾಕಬೇಕೆ ಎಂಬ ಪ್ರಶ್ನೆಗೂ ಇದೇ ಅಳತೆಗೋಲು.

ಪೊಲೀಸರ ವಾದ ಯಾಕೆ ಹಗುರವಲ್ಲ

2022ರ ಜುಲೈ ನೆನಪಿಸಿಕೊಳ್ಳಿ. ಬೆಳ್ಳಾರೆ ಮತ್ತು ಸುರತ್ಕಲ್‌ಗಳ ನಡುವೆ ಸುಮಾರು ಹತ್ತು ದಿನಗಳಲ್ಲಿ ಮೂವರು ಯುವಕರು ಹತರಾದರು. ಇಂಥ ಸರಣಿಯಲ್ಲಿ ಪ್ರತಿ ಕೊಲೆಯೂ ಮುಂದಿನದಕ್ಕೆ ಕಾರಣವಾಗುತ್ತದೆ. ತನಿಖೆ, ದೋಷಾರೋಪ ಪಟ್ಟಿ, ವಿಚಾರಣೆ ಮುಗಿಯಲು ವರ್ಷಗಳು ಬೇಕು. ಸೇಡಿಗೆ ಬೇಕಾದದ್ದು ಎರಡು ಬೈಕು, ನಾಲ್ಕು ಜನ. ಆ ಎರಡು ವಾರ ಯಾರನ್ನು ಎಲ್ಲಿಡಬೇಕು ಎಂಬುದು ಠಾಣಾಧಿಕಾರಿಗೆ ನಿಜವಾದ ಪ್ರಶ್ನೆ. ಸುರಕ್ಷಾ ಸಂಹಿತೆಯ 170ನೇ ಕಲಂ ಕೆಳಗೆ ಮುಂಜಾಗ್ರತೆಯಾಗಿ ಹಿಡಿದರೂ 24 ಗಂಟೆಯ ಮೇಲೆ ಇಟ್ಟುಕೊಳ್ಳುವಂತಿಲ್ಲ.

ಸಾಕ್ಷಿಗಳ ಕಷ್ಟವೂ ಕಟ್ಟುಕತೆಯಲ್ಲ. ಒಂದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡವನು, ಜಾಮೀನಿನ ಮೇಲೆ ಬಂದವನು ದಿನಾ ಎದುರಿಗೆ ಕೂತು ಚಹಾ ಕುಡಿಯುತ್ತಿರುವಾಗ, ಕಟಕಟೆಯಲ್ಲಿ ನಿಂತು ಅವನತ್ತ ಬೆರಳು ತೋರಿಸಿಯಾನೆ? ‘ಪ್ರತಿಕೂಲ ಸಾಕ್ಷಿ’ ಎಂಬ ಮುದ್ರೆ ಬಿದ್ದ ಪ್ರಕರಣಗಳಲ್ಲಿ ಎಷ್ಟೋ ಇಂಥವು. ಖುಲಾಸೆಯನ್ನು ತೋರಿಸಿ ‘ಇವನು ನಿರಪರಾಧಿ’ ಅನ್ನುವ ವಾದಕ್ಕೆ ಪೊಲೀಸರ ಉತ್ತರವೇ ಇದು: ಅವನು ಖುಲಾಸೆಯಾದದ್ದೇ ಸಾಕ್ಷಿಗಳು ಹೆದರಿದ್ದರಿಂದ.

ಆದರೆ ಈ ಉತ್ತರಕ್ಕೊಂದು ಅಪಾಯವಿದೆ. ಅದನ್ನು ಒಪ್ಪಿದರೆ ಶಿಕ್ಷೆಯಾದರೂ ಗಡಿಪಾರು, ಖುಲಾಸೆಯಾದರೂ ಗಡಿಪಾರು. ಹಾಗಾಗಿ ಹೆದರಿಕೆ ನಿಜವೆಂದು ತೋರಿಸುವ ಹೊಣೆ ಕಡತದ ಮೇಲೆ ಬೀಳುತ್ತದೆ: ಯಾವ ಪ್ರಕರಣದಲ್ಲಿ ಯಾವ ಸಾಕ್ಷಿ ತಿರುಗಿಬಿದ್ದ, ಅದಕ್ಕೆ ಮುನ್ನ ಬೆದರಿಕೆಯ ದೂರು ದಾಖಲಾಗಿತ್ತೆ, ಜಾಮೀನು ರದ್ದತಿಗೆ ಅರ್ಜಿ ಹಾಕಿದ್ದರೆ? ಈ ಮೂರಕ್ಕೂ ಉತ್ತರವಿಲ್ಲದ ಕಡತ ಬರೀ ಗುಮಾನಿ.

ಪಾನಿವಾಲಾನ ಗಡಿಪಾರು

ಗುಮಾನಿಯ ಅಧಿಕಾರ ಎತ್ತ ಹೊರಳಬಹುದು ಎಂಬುದಕ್ಕೆ ದೆಹಲಿಯ ಪ್ರೇಮ್ ಚಂದ್ ಪಾನಿವಾಲಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ತಳ್ಳುಗಾಡಿಯಲ್ಲಿ ತಂಪುಪಾನೀಯ ಮಾರುತ್ತಿದ್ದ ಈತ ಪೊಲೀಸರ ಕಾಯಂ ಸಾಕ್ಷಿ. ಕೇಸು ಯಾವುದೇ ಇರಲಿ, ‘ನಾನು ಕಂಡೆ’ ಎನ್ನಲು ಇವನೇ. ಹೀಗೆ ಮೂರು ಸಾವಿರದಷ್ಟು ಪ್ರಕರಣಗಳಲ್ಲಿ ತನ್ನನ್ನು ಸಾಕ್ಷಿಯಾಗಿ ಬಳಸಿದ್ದಾರೆ ಎಂದು ಆತ ಸುಪ್ರೀಂ ಕೋರ್ಟಿಗೆ ಹೇಳಿದ. ಇನ್ನು ಸುಳ್ಳು ಸಾಕ್ಷಿ ಹೇಳಲಾರೆ ಎಂದಾಗ ಅವನ ಮೇಲೇ ಗಡಿಪಾರಿನ ಪ್ರಕ್ರಿಯೆ ಶುರುವಾಯಿತು. 1980ರಲ್ಲಿ ಪ್ರಕರಣ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಮುಂದೆ ಬಂತು. ಬರೀ ಪೊಲೀಸರ ಆತಂಕ ಸಾಲದು, ಅಪಾಯ ಸ್ಪಷ್ಟವಾಗಿರಬೇಕು, ಹತ್ತಿರದ್ದಾಗಿರಬೇಕು ಎಂದು ಅವರು ಬರೆದರು.

ಎಲ್ಲ ಗಡಿಪಾರೂ ಹೀಗೆ ಎಂದಲ್ಲ. ಆದರೆ ಸಾಕ್ಷಿಯ ಹೆಸರು ಹೊರಬರದ ವ್ಯವಸ್ಥೆಯಲ್ಲಿ ನಿಜವಾದ ಗೂಂಡಾನ ಕಡತವೂ ಪಾನಿವಾಲಾನ ಕಡತವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಸ್ಥಳೀಯ ಶಾಸಕರೋ ಮರಳು ಗುತ್ತಿಗೆದಾರರೋ ‘ಇವನೊಬ್ಬನನ್ನು ಒಂದು ವರ್ಷ ಆಚೆ ಕಳಿಸಿ’ ಎಂದರೆ ತಡೆಯುವ ಬಾಗಿಲು ಎಲ್ಲಿದೆ? ಉಪವಿಭಾಗಾಧಿಕಾರಿಯ ಮೇಜೇ ಆ ಬಾಗಿಲು. ಕಮಿಷನರೇಟ್‌ಗಳಲ್ಲಿ ಅದೂ ತೆಳು, ಅಲ್ಲಿ ಪ್ರಸ್ತಾವ ಕಳಿಸುವವರೂ ಆದೇಶ ಮಾಡುವವರೂ ಒಂದೇ ಖಾಕಿ. ಮುಚ್ಚಳಿಕೆ ಬರೆಸಿಕೊಳ್ಳುವ ದಂಡಾಧಿಕಾರವನ್ನು ಡಿಸಿಪಿಗಳಿಗೆ ಕೊಟ್ಟದ್ದನ್ನು 2023ರಲ್ಲಿ ಮದ್ರಾಸ್ ಹೈಕೋರ್ಟು ಇದೇ ಕಾರಣಕ್ಕೆ ಒಪ್ಪಲಿಲ್ಲ. ಆ ತೀರ್ಪು ತಮಿಳುನಾಡಿನದ್ದು, ಆದರೆ ಪ್ರಶ್ನೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳದ್ದೂ ಹೌದು.

ಗೂಂಡಾ ಕಾಯ್ದೆಯ ಗಡಿಯಾರ

ಗೂಂಡಾ ಕಾಯ್ದೆಯಲ್ಲಿ ವಕೀಲರು ಮೊದಲು ನೋಡುವುದು ದಿನಾಂಕಗಳನ್ನು. ಕಮಿಷನರ್ ಅಥವಾ ಜಿಲ್ಲಾಧಿಕಾರಿ ಹೊರಡಿಸಿದ ಆದೇಶಕ್ಕೆ 12 ದಿನಗಳೊಳಗೆ ಸರ್ಕಾರದ ಅನುಮೋದನೆ ಸಿಗಬೇಕು, ಇಲ್ಲದಿದ್ದರೆ ಅದು ತಾನಾಗಿ ಸಾಯುತ್ತದೆ. ಬಂಧಿತನಿಗೆ 5 ದಿನಗಳೊಳಗೆ ಕಾರಣಗಳನ್ನು ತಿಳಿಸಬೇಕು. ಮೂರು ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು. ಹೈಕೋರ್ಟ್ ನ್ಯಾಯಮೂರ್ತಿಗಳಾದವರು ಅಥವಾ ಆಗುವ ಅರ್ಹತೆ ಉಳ್ಳವರು ಕೂರುವ ಮಂಡಳಿ ಅದು. ಬಂಧನದ ದಿನದಿಂದ ಏಳು ವಾರದೊಳಗೆ ಅದು ವರದಿ ಕೊಡಬೇಕು. ಸಾಕಷ್ಟು ಕಾರಣವಿಲ್ಲ ಎಂದು ಮಂಡಳಿ ಹೇಳಿದರೆ ಬಿಡುಗಡೆ ಮಾಡಲೇಬೇಕು. ಇದೆ ಎಂದರೆ ಹನ್ನೆರಡು ತಿಂಗಳವರೆಗೆ ಮುಂದುವರಿಸಬಹುದು. ಮಂಡಳಿಯ ಮುಂದೆ ಬಂಧಿತನಿಗೆ ವಕೀಲರನ್ನು ನಿಲ್ಲಿಸುವ ಹಕ್ಕಿಲ್ಲ. ಕೊಲೆ ಆರೋಪಿಗೆ ಇರುವ ಹಕ್ಕು ‘ಕೊಲೆ ಮಾಡಿಯಾನು’ ಎಂಬ ಗುಮಾನಿಯವನಿಗೆ ಇಲ್ಲ.

ಈ ವಿಚಿತ್ರಕ್ಕೆ ಮೂಲ ಸಂವಿಧಾನದಲ್ಲೇ ಇದೆ. 22ನೇ ವಿಧಿ ಮುಂಜಾಗ್ರತಾ ಬಂಧನವನ್ನು ಒಪ್ಪಿಕೊಂಡಿದೆ. ಗಣರಾಜ್ಯವಾದ ಒಂದು ತಿಂಗಳೊಳಗೆ, 1950ರ ಫೆಬ್ರುವರಿಯಲ್ಲೇ, ಸಂಸತ್ತು ಮುಂಜಾಗ್ರತಾ ಬಂಧನ ಕಾಯ್ದೆ ತಂದಿತು. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಡಬಹುದು ಎಂಬುದನ್ನು ಎರಡು ತಿಂಗಳಿಗೆ ಇಳಿಸಿ 1978ರ 44ನೇ ತಿದ್ದುಪಡಿ ಪಾಸಾಯಿತು. ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಇವತ್ತಿನವರೆಗೆ ಹೊರಟಿಲ್ಲ. ಆಗಿನಿಂದ ಎಷ್ಟು ಪಕ್ಷಗಳ ಸರ್ಕಾರ ಬಂದು ಹೋದವು ಎಣಿಸಿ ನೋಡಿ.

ಆದೇಶಗಳು ಬೀಳುವ ಕಾರಣಗಳು ಕೇಳಲು ಸಣ್ಣವು. ಕೊಟ್ಟ ಜೆರಾಕ್ಸ್ ಪ್ರತಿ ಓದಲು ಬರುತ್ತಿರಲಿಲ್ಲ. ಬಂಧಿತನಿಗೆ ಬರುವುದು ಉರ್ದುವೋ ತಮಿಳೋ, ಕಾಗದ ಕೊಟ್ಟದ್ದು ಇಂಗ್ಲಿಷಿನಲ್ಲಿ. ಜಾಮೀನು ಆದೇಶದ ಪ್ರತಿಯನ್ನೇ ಲಗತ್ತಿಸಿರಲಿಲ್ಲ. ‘ತಾಂತ್ರಿಕ ಕಾರಣಕ್ಕೆ ಬಿಟ್ಟರು’ ಎಂದು ಪತ್ರಿಕೆಯಲ್ಲಿ ಓದಿದಾಗ ಸಿಟ್ಟು ಬರುವುದು ಸಹಜ. ಆದರೆ ಸಾಕ್ಷ್ಯ, ಪಾಟಿ ಸವಾಲು, ವಕೀಲರು, ತೀರ್ಪು ಎಲ್ಲವನ್ನೂ ತೆಗೆದ ಮೇಲೆ ಆ ಮನುಷ್ಯನ ಕೈಯಲ್ಲಿ ಉಳಿಯುವುದು ಒಂದೇ: ತನ್ನನ್ನು ಯಾಕೆ ಹಿಡಿದಿದ್ದಾರೆಂದು ಓದಿ ಅರ್ಥಮಾಡಿಕೊಂಡು ಒಂದು ಮನವಿ ಬರೆಯುವ ಹಕ್ಕು. ಓದಲಾಗದ ಜೆರಾಕ್ಸ್ ಅದನ್ನೂ ಕಿತ್ತುಕೊಳ್ಳುತ್ತದೆ.

ಮನವಿ ಬರೆದರೂ ಅದು ತಲುಪಬೇಕಲ್ಲ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಕಾಫೆಪೋಸಾ (ಕಳ್ಳಸಾಗಣೆ ತಡೆಯಲು ಇರುವ ಮುಂಜಾಗ್ರತಾ ಬಂಧನದ ಕೇಂದ್ರ ಕಾಯ್ದೆ) ಪ್ರಕರಣವೊಂದರಲ್ಲಿ ಬಂಧಿತನ ಮನವಿಯನ್ನು ಜೈಲಿನವರು ಸಾಮಾನ್ಯ ಅಂಚೆಗೆ ಹಾಕಿ ಕೈತೊಳೆದುಕೊಂಡಿದ್ದರು. ಅದು ತಲುಪಬೇಕಾದವರಿಗೆ ತಲುಪಿರಲಿಲ್ಲ. ಬಂಧನ ರದ್ದಾಯಿತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆದೇಶ ರದ್ದಾಗಿ ಹೊರಬರುವ ಹೊತ್ತಿಗೆ ತಿಂಗಳುಗಟ್ಟಲೆ ಜೈಲು ಆಗಿಯೇ ಹೋಗಿರುವುದುಂಟು. ಕೆಟ್ಟ ಆದೇಶ ಬರೆದ ಅಧಿಕಾರಿಗೆ ಅದರಿಂದ ಏನೂ ಆಗುವುದಿಲ್ಲ. ಆದೇಶ ಬರೆದ ದಿನವೇ ಉದ್ದೇಶ ಈಡೇರಿತು ಎಂದಾದಾಗ ಚೆನ್ನಾಗಿ ಬರೆಯುವ ತಲೆನೋವು ಯಾರಿಗೆ ಬೇಕು? ಕಡತಗಳು ವರ್ಷದಿಂದ ವರ್ಷಕ್ಕೆ ಹೀಗೇ ಉಳಿಯಲು ಮುಖ್ಯ ಕಾರಣ ಇದೇ ಎಂದು ನನ್ನ ಅಂದಾಜು.

ಕುಡುಕರಿಬ್ಬರ ಜಗಳ

ಗೂಂಡಾ ಕಾಯ್ದೆ ಬಳಸಲು ಕಾನೂನು–ಸುವ್ಯವಸ್ಥೆಯ ಸಮಸ್ಯೆ ಇದ್ದರೆ ಸಾಲದು, ‘ಸಾರ್ವಜನಿಕ ಸುವ್ಯವಸ್ಥೆ’ಗೇ ಧಕ್ಕೆ ಬರಬೇಕು. ರಾಮ ಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಇದನ್ನು ಒಂದರೊಳಗೊಂದು ಇರುವ ಮೂರು ವೃತ್ತಗಳಂತೆ ವಿವರಿಸಿದರು. ಹೊರಗಿನ ದೊಡ್ಡ ವೃತ್ತ ಕಾನೂನು–ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಅದರೊಳಗೆ ರಾಜ್ಯದ ಭದ್ರತೆ. ಇಬ್ಬರು ಕುಡುಕರು ಹೊಡೆದಾಡಿದರೆ ಅದು ಮೊದಲ ವೃತ್ತದ್ದು. ಆ ಇಬ್ಬರು ಎರಡು ಕೋಮಿನವರಾಗಿದ್ದು, ಒಬ್ಬ ಕೋಮುಭಾವನೆ ಕೆರಳಿಸಲು ನೋಡಿದರೆ? ಆಗಲೂ ಅದು ಕಾನೂನು–ಸುವ್ಯವಸ್ಥೆಯ ಪ್ರಶ್ನೆಯೇ, ಆದರೆ ಸಾರ್ವಜನಿಕ ಸುವ್ಯವಸ್ಥೆ ಕೆಡುವ ಭಯ ಅಲ್ಲಿ ಹುಟ್ಟುತ್ತದೆ ಎಂದರು. ಕರಾವಳಿಯ ಪ್ರತಿ ಕಡತವೂ ಈ ಗೆರೆಯ ಮೇಲೇ ನಿಂತಿರುತ್ತದೆ.

ಹೀಗಾಗಿ ಮೀನು ಮಾರುಕಟ್ಟೆಯ ಜಗಳಕ್ಕೆ ಕೋಮು ಬಣ್ಣ ಬಂದು ಸಂಜೆಯ ಹೊತ್ತಿಗೆ ಪೇಟೆ ಬಂದ್ ಆದರೆ ಲೆಕ್ಕ ಬೇರೆ, ಸರ ಕಿತ್ತವನು, ಚೀಟಿ ದುಡ್ಡು ನುಂಗಿದವನು ಬೇರೆ. 2022ರ ಮಲ್ಲಾಡ ಶ್ರೀರಾಮ್ ಪ್ರಕರಣದಲ್ಲಿ, 2024ರ ನೇನಾವತ್ ಬುಜ್ಜಿ ಪ್ರಕರಣದಲ್ಲಿ ತೆಲಂಗಾಣ ಸರ್ಕಾರಕ್ಕೆ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. 2025ರ ಜೂನ್‌ನಲ್ಲಿ ಕೇರಳದ ಸಾಲ ವ್ಯವಹಾರದವನೊಬ್ಬನನ್ನು ಅಲ್ಲಿನ ಸಮಾಜವಿರೋಧಿ ಚಟುವಟಿಕೆ ತಡೆ ಕಾಯ್ದೆಯಡಿ ಹಿಡಿದಿಟ್ಟದ್ದನ್ನೂ ರದ್ದು ಮಾಡಿತು. ಜಾಮೀನಿನ ಷರತ್ತು ಮುರಿದಿದ್ದರೆ ಜಾಮೀನು ರದ್ದು ಮಾಡಿಸಿ, ಅದಕ್ಕೆ ಇಷ್ಟು ದೊಡ್ಡ ಆಯುಧ ಯಾಕೆ ಎಂಬುದು ಕೋರ್ಟಿನ ಧಾಟಿ.

ರೌಡಿ ಶೀಟ್: ಬರೆಯುವುದು ಸುಲಭ, ಅಳಿಸುವುದು ಕಷ್ಟ

ಬೆಂಗಳೂರಿನ ರೌಡಿ ಪರೇಡ್‌ಗಳ ವಿಡಿಯೊ ಎಲ್ಲರೂ ನೋಡಿದ್ದಾರೆ. ಸಾಲಾಗಿ ನಿಂತವರು, ಗದರುವ ಅಧಿಕಾರಿ, ಕೂದಲು ಕತ್ತರಿಸಿಕೊಂಡು ಬಾ ಎಂಬ ಉಪದೇಶ. ಸುದ್ದಿವಾಹಿನಿಗೆ ಒಳ್ಳೆಯ ಸರಕು. ಆದರೆ 2024ರ ಮೇ ತಿಂಗಳ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಇಂಥ ಹಾಳೆ ಪೊಲೀಸರ ಒಳಬಳಕೆಯ ದಾಖಲೆ, ಸಾರ್ವಜನಿಕ ಪ್ರದರ್ಶನದ್ದಲ್ಲ. ಅಪ್ರಾಪ್ತ ಮಕ್ಕಳ ವಿವರ ಅದರಲ್ಲಿ ಸೇರಿಸಬಾರದು. ಹಿಂದುಳಿದವರು, ಪರಿಶಿಷ್ಟರು ಎಂಬ ಪೂರ್ವಗ್ರಹದಿಂದ ಯಾಂತ್ರಿಕವಾಗಿ ಹೆಸರು ಬರೆಯಬಾರದು. ಹಿರಿಯ ಅಧಿಕಾರಿಯೊಬ್ಬರು ಕಾಲಕಾಲಕ್ಕೆ ಪರಿಶೀಲಿಸಬೇಕು. ಅದು ದೆಹಲಿ ಪ್ರಕರಣ, ಆದರೆ ಎಲ್ಲ ರಾಜ್ಯಗಳೂ ಇದನ್ನು ಪರಿಗಣಿಸಬೇಕೆಂದು ಕೋರ್ಟು ಸೂಚಿಸಿತು.

ಈ ಎಚ್ಚರಿಕೆಗೆ ಚರಿತ್ರೆಯಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತ್ತು. 1952ರಲ್ಲಿ ಅದು ಹೋಯಿತು, ಠಾಣೆಯ ಪುಸ್ತಕಗಳ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ.

ರಾತ್ರಿ ಮನೆಭೇಟಿಯ ಮಾತೂ ಇಲ್ಲೇ ಬರುತ್ತದೆ. 2025ರ ಜೂನ್‌ನಲ್ಲಿ ಪೊಲೀಸರು ರಾತ್ರಿ ಹೊತ್ತು ಸಂಘಟನೆಗಳ ಮುಖಂಡರ ಮನೆಗೆ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದಾರೆ ಎಂಬ ದೂರು ಕರಾವಳಿಯಲ್ಲಿ ಕೇಳಿಬಂತು. ಈ ಪ್ರಶ್ನೆ 1962ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ಖರಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶ ಪೊಲೀಸ್ ನಿಯಮಾವಳಿಯ ರಾತ್ರಿ ಮನೆಭೇಟಿಯ ನಿಯಮವನ್ನು ಕೋರ್ಟು ಹೊಡೆದುಹಾಕಿತು, ಉಳಿದ ನಿಗಾ ನಿಯಮಗಳನ್ನು ಉಳಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಪುಟ್ಟಸ್ವಾಮಿ ತೀರ್ಪು ಹೇಳಿದ ಮೇಲೆ ಆ ಉಳಿದ ನಿಯಮಗಳ ಬುಡವೂ ಅಲುಗಾಡುತ್ತಿದೆ. ಆ ತೀರ್ಪಿನ ಅರ್ಜಿದಾರ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದವರು.

ಮೊಬೈಲ್ ಕಾಲದಲ್ಲಿ ಗಡಿಪಾರು ಯಾರಿಗೆ ನಾಟುತ್ತದೆ?

ಇದು ಹೆಚ್ಚು ಚರ್ಚೆಯಾಗದ ಭಾಗ. ಗಡಿಪಾರಿನ ತರ್ಕ ಹಳೆಯದು: ಮನುಷ್ಯ ಊರಲ್ಲಿಲ್ಲದಿದ್ದರೆ ಅವನ ಹಾವಳಿಯೂ ಇರುವುದಿಲ್ಲ. ಮುಖ ತೋರಿಸಿಯೇ ದುಡಿಯುವ ಅಪರಾಧಿಗೆ ಇದು ಇವತ್ತಿಗೂ ನಾಟುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹಫ್ತಾ ಎತ್ತುವವನು, ಮಟ್ಕಾ ಅಡ್ಡೆ ಕಾಯುವವನು, ಸಾಕ್ಷಿಯ ಮನೆ ಮುಂದೆ ಬೈಕಿನಲ್ಲಿ ಸುತ್ತುವವನು ಆರು ತಿಂಗಳು ಕಾಣದಿದ್ದರೆ ಅವನ ಹಿಡಿತ ಸಡಿಲವಾಗುತ್ತದೆ, ಸಾಕ್ಷಿಗೆ ಉಸಿರು ಬರುತ್ತದೆ.

ಆದರೆ ಪ್ರಚೋದನೆಯ ಕಸುಬಿನವನಿಗೆ ಊರು ಬೇಕಿಲ್ಲ. ದಕ್ಷಿಣ ಕನ್ನಡದಿಂದ ರಾಯಚೂರಿಗೋ ಬೀದರಿಗೋ ಕಳಿಸಿದರೂ ಅವನ ಧ್ವನಿಮುದ್ರಿಕೆ ಅರ್ಧ ನಿಮಿಷದಲ್ಲಿ ಬಂಟ್ವಾಳದ ಗುಂಪಿನಲ್ಲಿರುತ್ತದೆ. ಗಡಿಪಾರಾದವನೆಂಬ ಹೆಸರು ಅವನ ಬೆಂಬಲಿಗರಲ್ಲಿ ಬಿರುದಾಗುತ್ತದೆ. ಅವನ ಮಾತೇ ಅಪರಾಧವಾಗಿದ್ದರೆ ಆ ಮಾತಿಗೆ ಎಫ್‌ಐಆರ್ ಹಾಕಿ, ಧ್ವನಿ ಮಾದರಿ ಪರೀಕ್ಷೆ ಮಾಡಿಸಿ, ಬೇಗ ದೋಷಾರೋಪ ಪಟ್ಟಿ ಸಲ್ಲಿಸುವುದು ಕಷ್ಟದ ದಾರಿ. ಊರು ಬಿಡಿಸುವುದು ಸುಲಭದ ದಾರಿ. ಅಪರಾಧ ಎಲ್ಲಿಂದ ನಡೆಯುತ್ತಿದೆ ಎಂಬುದನ್ನು ನೋಡದೆ ಆಯುಧ ಆರಿಸಿಕೊಂಡರೆ ಸುದ್ದಿಯೇನೋ ಆಗುತ್ತದೆ, ತಡೆ ಆಗುವುದಿಲ್ಲ.

ಇನ್ನೊಂದು ಕಡೆ, ಗಡಿಪಾರಿನ ಪೂರ್ತಿ ಭಾರ ಬೀಳುವುದು ದಿನಗೂಲಿಯವನ ಮೇಲೆ. ಆಟೊ ಓಡಿಸುವವನ ಪರ್ಮಿಟ್ ಒಂದು ಊರಿನದ್ದು, ಬಾಡಿಗೆಯೂ ಅದೇ ಊರಿನದ್ದು. ಹೊಸ ಊರಿನಲ್ಲಿ ಠಾಣೆಗೆ ಹಾಜರಿ ಹಾಕಬೇಕು, ಮನೆ ಕೊಡುವವರು ಆಧಾರ್ ಜೊತೆ ಕಾರಣವನ್ನೂ ಕೇಳುತ್ತಾರೆ. ಬಾಕಿ ಇರುವ ಕೇಸಿಗೆ ತನ್ನ ಊರಿನ ಕೋರ್ಟಿಗೆ ಬರಬೇಕೆಂದರೂ ಮೊದಲು ಅನುಮತಿ ಬೇಕು. ಅವನನ್ನು ಸ್ವೀಕರಿಸುವ ಜಿಲ್ಲೆಯ ಪೊಲೀಸರಿಗೆ ಬಂದದ್ದು ಇನ್ನೊಬ್ಬರ ತಲೆನೋವು.

ಸಾಕ್ಷಿಗಳ ಹೆದರಿಕೆಯೇ ಮೂಲ ಕಾರಣವಾದರೆ ಅದಕ್ಕೆ ನೇರ ಮದ್ದೂ ಇದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಕಾನೂನಿನಂತೆಯೇ ಪಾಲಿಸಬೇಕೆಂದು ಹೇಳಿದೆ. ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಬೇಕೆನ್ನುತ್ತದೆ. ‘ಸಾಕ್ಷಿಗಳು ಬರುತ್ತಿಲ್ಲ’ ಎಂದು ಬರೆಯುವ ಕಡತದಲ್ಲಿ ‘ಇಂತಿಂಥ ರಕ್ಷಣೆ ಕೊಡುತ್ತೇವೆಂದು ಕೇಳಿ ನೋಡಿದೆವು’ ಎಂಬ ಸಾಲು ಯಾಕಿರಬಾರದು?

ನೋಟಿಸ್ ಬಂದರೆ

ಗಡಿಪಾರು ನೋಟಿಸ್ ಕೈಗೆ ಬಂದವರು ಮಾಡುವ ಮೊದಲ ತಪ್ಪು ಸಹಿ ಹಾಕದೆ ತಿರಸ್ಕರಿಸುವುದು, ಎರಡನೆಯದು ಹಾಜರಾಗದೆ ಇರುವುದು. ಹಾಗೆ ಮಾಡಿದರೆ ಏಕಪಕ್ಷೀಯ ಆದೇಶಕ್ಕೆ ದಾರಿಯಾಗುತ್ತದೆ, ‘ಅವಕಾಶ ಕೊಡಲಿಲ್ಲ’ ಎಂಬ ವಾದವೂ ಕೈತಪ್ಪುತ್ತದೆ. ನೋಟಿಸ್ ಪಡೆದ ದಿನಾಂಕವನ್ನು ಬರೆದೇ ಸಹಿ ಹಾಕಬೇಕು. ನೋಟಿಸಿನ ಕೋಷ್ಟಕದಲ್ಲಿರುವ ಪ್ರತಿ ಅಪರಾಧ ಸಂಖ್ಯೆಯ ಮುಂದೆ ಅದು ಈಗ ಯಾವ ಹಂತದಲ್ಲಿದೆ ಎಂದು ಗುರುತು ಮಾಡಿಕೊಂಡು, ಖುಲಾಸೆ ತೀರ್ಪು, ರಾಜಿಯ ಆದೇಶ, ಬಿ ರಿಪೋರ್ಟ್ ಅಂಗೀಕಾರ ಇವುಗಳ ದೃಢೀಕೃತ ನಕಲುಗಳನ್ನು ಕೋರ್ಟಿನಿಂದ ತರಿಸಬೇಕು. ನಕಲು ಸಿಗಲು ದಿನ ಹಿಡಿಯುತ್ತದೆ, ಹಾಗಾಗಿ ಮೊದಲ ಹಾಜರಿಯಲ್ಲೇ ಕಾಲಾವಕಾಶ ಕೋರಿ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ದುಡಿಮೆ, ಮನೆಯ ಅವಲಂಬಿತರು, ನಡೆಯುತ್ತಿರುವ ಚಿಕಿತ್ಸೆ ಇದ್ದರೆ ಅದರ ದಾಖಲೆಯೂ ಉತ್ತರದಲ್ಲಿರಲಿ. ಅವಧಿ ಮತ್ತು ವ್ಯಾಪ್ತಿ ನಿಗದಿಯಾಗುವಾಗ ಅದು ಲೆಕ್ಕಕ್ಕೆ ಬರಬೇಕು.

ಆದೇಶ ಹೊರಟರೆ ಪೊಲೀಸ್ ಕಾಯ್ದೆಯ 59ನೇ ಕಲಂ ಕೆಳಗೆ 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. ಅಲ್ಲಿ ಆಗದಿದ್ದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ. ಅರ್ಜಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆಯ ಪ್ರತಿ ಕೈಸೇರುವ ಮುನ್ನ ಊರಿಗೆ ಕಾಲಿಟ್ಟರೆ ಅದೇ ಹೊಸ ಪ್ರಕರಣವಾಗಿ, ಮುಂದಿನ ಪ್ರಸ್ತಾವದ ಕೋಷ್ಟಕದಲ್ಲಿ ಹತ್ತನೆಯ ಸಾಲಾಗಿ ಸೇರುತ್ತದೆ.